ಪ್ರಾಗ್‌ನ ನೆರುಡೋವಾ ಬೀದಿ: ಹತ್ತಬೇಡಿ, ಇಳಿಯಿರಿ

ನೆರುಡೋವಾ ಬೀದಿಯನ್ನು ಹೆಚ್ಚಿನವರು ಕೆಳಗಿನಿಂದ ಏದುಸಿರು ಬಿಡುತ್ತ ಹತ್ತಿ ಕೋಟೆ ಸೇರುತ್ತಾರೆ. ಕಣ್ಣೆಲ್ಲ ಕಾಲಡಿಯ ಕಲ್ಲುಹಾಸಿನ ಮೇಲೆ. ನೋಡಬೇಕಾದ್ದು ಇರುವುದು ಬಾಗಿಲುಗಳ ಮೇಲ್ಗಡೆ. 22ನೇ ನಂಬರಿನ ಟ್ರಾಮ್‌ನಲ್ಲಿ ಪೊಹೊರ್ಜೆಲೆಟ್ಸ್ ನಿಲ್ದಾಣದವರೆಗೆ ಹೋಗಿ, ಅಲ್ಲಿಂದ ಇಳಿದು ಬನ್ನಿ. ಕಾಗದದ ಟಿಕೆಟ್ ಆದರೆ ಹತ್ತಿದ ಕೂಡಲೇ ಹಳದಿ ಯಂತ್ರಕ್ಕೆ ತೂರಿಸಿ ಮುದ್ರೆ ಒತ್ತಿಸಿ. ಮುದ್ರೆ ಬೀಳದ ಟಿಕೆಟ್ ಜೇಬಿನಲ್ಲಿದ್ದರೂ ದಂಡ ಕಟ್ಟಿಸುತ್ತಾರೆ.

1770ರಲ್ಲಿ ರಾಣಿ ಮರಿಯಾ ತೆರೇಸಾ ಕಾಲದ ಸಂಖ್ಯೆಗಳು ಬರುವ ಮುಂಚೆ ಇಲ್ಲಿ ಮನೆ ಗುರುತಿಸುತ್ತಿದ್ದುದು ಚಿಹ್ನೆಯಿಂದ. 47ರಲ್ಲಿ ಎರಡು ಸೂರ್ಯ, ಬೀದಿಗೆ ಹೆಸರು ಕೊಟ್ಟ ಲೇಖಕ ಯಾನ್ ನೆರುಡಾ ಇದ್ದ ಮನೆ. 12ರಲ್ಲಿ ಮೂರು ಪಿಟೀಲು, ಅದು ಪಿಟೀಲು ತಯಾರಕರ ಮನೆ. 11ರಲ್ಲಿ ಕೆಂಪು ಕುರಿಮರಿ. ಚಿಹ್ನೆಗಳೆಲ್ಲ ಕಸುಬು ಹೇಳುತ್ತವೆ ಅಂದುಕೊಂಡರೆ ಈ ಕುರಿಮರಿ ಎದುರಾಗುತ್ತದೆ!

ಹುಡುಕುವವರು ಎಡವುವುದು ನಂಬರಿನಲ್ಲೇ. ಪ್ರತಿ ಮನೆಗೂ ಎರಡು ಫಲಕ. ಕೆಂಪಿನದು ನೋಂದಣಿ ಸಂಖ್ಯೆ, ಬೀದಿಯ ಸಾಲಿಗೂ ಅದಕ್ಕೂ ಸಂಬಂಧವಿಲ್ಲ. ನೀಲಿಯದನ್ನೇ ಓದಿ, ಮೇಲೆ ಕೊಟ್ಟಿರುವುದೂ ಅದೇ. ಚಿಹ್ನೆ ಇರುವ ಮನೆಯ ಗೋಡೆಗೆ ಒತ್ತಿ ನಡೆದರೆ ಏನೂ ಕಾಣದು, ಎದುರು ಬದಿಯಿಂದ ನೋಡಬೇಕು.

5ನೇ ಮನೆ ಮೊರ್ಜಿನ್ ಅರಮನೆಯ ಎದುರು ಐದು ನಿಮಿಷವಾದರೂ ನಿಲ್ಲಿ. ಬಾಲ್ಕನಿ ಹೊತ್ತ ಇಬ್ಬರು ‘ಮೂರ್’ಗಳನ್ನು (ಉತ್ತರ ಆಫ್ರಿಕಾದವರು) ಕೆತ್ತಿದ್ದು ಶಿಲ್ಪಿ ಬ್ರೊಕೊಫ್, ಮೊರ್ಜಿನ್ ಎಂಬ ಮನೆತನದ ಹೆಸರಿನ ಮೇಲಿನ ಶ್ಲೇಷೆ ಅದು. ಬಾಗಿಲುಗಳ ಮೇಲಿನ ಎರಡು ತಲೆಗಳು ಹಗಲು, ಇರುಳು. 20ರಲ್ಲಿ ಬ್ರೌನ್ ಕೆತ್ತಿದ ಹದ್ದುಗಳು ರೆಕ್ಕೆ ಬಿಚ್ಚಿ ಬಾಗಿಲು ಕಾಯುತ್ತಿವೆ.

ಚಾರ್ಲ್ಸ್ ಸೇತುವೆಗೆ ಬೆಳಿಗ್ಗೆ ಏಳರೊಳಗೆ ಹೋಗಲಾಗದಿದ್ದರೆ ಬಿಟ್ಟುಬಿಡಿ, ಹತ್ತರ ಮೇಲೆ ಅದು ಜಾತ್ರೆ. ಅಲ್ಲಿನ ಶಿಲ್ಪಗಳಲ್ಲಿ ಬಹುಪಾಲು ನಕಲು. ಮೂಲ ಕಲ್ಲುಗಳು ಲಾಪಿಡೇರಿಯಂ ಎಂಬ ಶಿಲ್ಪ ಸಂಗ್ರಹಾಲಯದಲ್ಲೂ ವಿಶೆಹ್ರಾಡ್ ಕೋಟೆಯಲ್ಲೂ ಇವೆ.

ಹಣದ ವಿಷಯ. ವಿನಿಮಯ ಅಂಗಡಿಯ ‘ಕಮಿಷನ್ 0’ ಬೋರ್ಡಿಗೆ ಮರುಳಾಗಬೇಡಿ, ನಷ್ಟ ಅಡಗಿರುವುದು ದರದಲ್ಲಿ. ನೋಟು ಕೊಡುವ ಮುಂಚೆ ಕೈಗೆ ಬರುವ ಕೊರುನಾ (ಇಲ್ಲಿನ ಹಣ) ಎಷ್ಟೆಂದು ಬರೆಸಿಕೊಳ್ಳಿ. ಮೋಸ ಅನಿಸಿದರೆ ರಸೀದಿ ಹಿಡಿದು ಮೂರು ಗಂಟೆಯೊಳಗೆ ವಾಪಸ್ ಹೋಗಿ; 1000 ಯೂರೋವರೆಗಿನ ವ್ಯವಹಾರ ರದ್ದು ಮಾಡಿಸುವ ಹಕ್ಕು 2019ರಿಂದ ಇದೆ. ಎಟಿಎಂ ‘ರೂಪಾಯಿಗೆ ಪರಿವರ್ತಿಸಲೇ?’ ಎಂದರೆ ಬೇಡ ಅನ್ನಿ. ಹಳೇ ಪಟ್ಟಣದ ಚೌಕದಲ್ಲಿ ಸುಟ್ಟ ಹಂದಿ ಮಾಂಸದ ಬೆಲೆ ಸಾಮಾನ್ಯವಾಗಿ 100 ಗ್ರಾಂಗೆ. ಕೊಯ್ಯುವವರು ಕೇಳದೆಯೇ ದೊಡ್ಡ ತುಂಡು ಕೊಯ್ಯುತ್ತಾರೆ. ಸುರುಳಿ ಸಿಹಿ ತ್ರ್ದೆಲ್ನಿಕ್ ಪ್ರಾಗ್‌ನ ಪರಂಪರೆಯೇನಲ್ಲ, ಪ್ರವಾಸಿಗರಿಗಾಗಿ ಬಂದದ್ದು.

ಹೊಟ್ಟೆಗೆ ‘ಯೀಡೆಲ್ನಾ’ (jídelna) ಎಂದು ಬರೆದ ಕ್ಯಾಂಟೀನ್ ಹುಡುಕಿ, ಚೌಕದಿಂದ ದೂರದ ಅಡ್ಡಬೀದಿಗಳಲ್ಲಿ. ತಟ್ಟೆ ಹಿಡಿದು ಸರತಿಯಲ್ಲಿ ನಿಲ್ಲಬೇಕು, ಬೆರಳು ತೋರಿಸಿದರೆ ಸಾಕು, ಭಾಷೆ ಬೇಡ. ನಮ್ಮ ದರ್ಶಿನಿಯಷ್ಟೇ ಚುರುಕು. ಹನ್ನೊಂದೂವರೆಗೇ ಹೋಗಿ, ತಡವಾದರೆ ಒಳ್ಳೆಯದೆಲ್ಲ ಖಾಲಿ. ಕುಲೈಡಾ ಸೂಪ್ ಸಿಕ್ಕರೆ ಬಿಡಬೇಡಿ: ಅಣಬೆ, ಆಲೂಗಡ್ಡೆ, ಸಬ್ಬಸಿಗೆ, ಕೆನೆ, ಮೇಲೊಂದು ಮೊಟ್ಟೆ, ತುಸು ಹುಳಿ. ಮೊಟ್ಟೆ ತಿನ್ನದವರಿಗೆ ಕಷ್ಟವೇ. ಕರಿದ ಚೀಸ್‌ನ ಹೊದಿಕೆಯಲ್ಲೂ ಪಕ್ಕದ ಟಾರ್ಟರ್ ಸಾಸ್‌ನಲ್ಲೂ ಮೊಟ್ಟೆಯಿದೆ. ಆಲೂಗಡ್ಡೆ ಸೂಪಿಗೂ ಮಾಂಸದ ಸಾರು ಬಳಸಿರಬಹುದು, ‘ಬೆಜ್ ಮಸಾ?’ (ಮಾಂಸವಿಲ್ಲದ್ದೇ?) ಎಂದು ಕೇಳಿಯೇ ಬಟ್ಟಲು ಎತ್ತಿಕೊಳ್ಳಿ.