ಕರಡಿ ಕೊಬ್ಬು: ಬೂಟಿನ ಬಿಳಿ ಪುಡಿಗೆ ಕಡೆಗೂ ಮದ್ದು

ಬೂಟಿನ ಮೇಲೆ ಬಿಳಿ ಪುಡಿ ಏಳುವುದು ನಿಂತಿದೆ! ಕರಡಿ ಕೊಬ್ಬಿಗೆ ಜೇನುಮೇಣ ಬೆರೆಸಿದ ಮುಲಾಮನ್ನು ರಾತ್ರಿ ತಿಕ್ಕಿಟ್ಟರೆ ಚರ್ಮ ಹೊಳೆಯುತ್ತಿತ್ತು. ಮರುದಿನ ಅಮೆರಿಕದ ಮಿನೆಸೋಟದ ಚಳಿಗೆ ಕಾಲಿಟ್ಟೊಡನೆ ಬೆಳ್ಳಗಾಗುತ್ತಿತ್ತು. "ಬೂಷ್ಟು ಹಿಡಿದಿದೆ, ಎಸೆದುಬಿಡಿ" ಎಂದು ಹೆಂಡತಿ ತೀರ್ಪು ಕೊಟ್ಟಾಗಿತ್ತು.

ಕೊಬ್ಬು ಕರಗಿಸುವುದು ನಿಮಗೆಲ್ಲ ಗೊತ್ತಿರುವ ಕೆಲಸ, ಅದನ್ನು ಬಿಡುತ್ತೇನೆ. ಕೊಟ್ಟವರು ಪಕ್ಕದ ಮನೆಯ ಬೇಟೆಗಾರರು. ಓಕ್ ಕಾಯಿ, ಬೆರ್ರಿ ಮೇದ ಕಪ್ಪು ಕರಡಿಯಾದ್ದರಿಂದ ವಾಸನೆಯ ತಂಟೆಯಿಲ್ಲ. ಮೀನು ತಿಂದ ಕರಡಿಯ ಕೊಬ್ಬಿಗೆ ಮೀನಿನದೇ ನಾತ. ಭಾರತದಲ್ಲಿರುವವರು ಇದಕ್ಕೆ ಕೈಹಾಕಬೇಡಿ: ಅಲ್ಲಿನ ನಮ್ಮ ಕರಡಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಅತಿ ಹೆಚ್ಚು ರಕ್ಷಣೆ ಕೊಡುವ ಮೊದಲ ಅನುಸೂಚಿಯಲ್ಲಿದೆ. ಹಂದಿ ಕೊಬ್ಬಿನಲ್ಲೂ ಮುಂದಿನ ಉಪಾಯ ನಡೆಯುತ್ತದೆ, ಎಣ್ಣೆ ಮಾತ್ರ ಕಡಿಮೆ ಇಳಿಯುತ್ತದೆ.

ಕರಡಿ ಕೊಬ್ಬು ಹಂದಿಯದಕ್ಕಿಂತ ಮೃದು. ಜಾಡಿಯಲ್ಲಿಟ್ಟರೆ ತಾನಾಗಿಯೇ ಎರಡಾಗುತ್ತದೆ: ಮೇಲೆ ಹೊಂಬಣ್ಣದ ಎಣ್ಣೆ, ತಳದಲ್ಲಿ ಬಿಳಿ ಹರಳು. ನನಗೆ ಸಿಕ್ಕ ಸಲಹೆಗಳೆಲ್ಲ ಇವೆರಡನ್ನು ಒಂದಾಗಿಸುವುದಕ್ಕೇ. ಇನ್ನಷ್ಟು ಮೇಣ ಹಾಕಿ, ಇನ್ನಷ್ಟು ಕಡೆಯಿರಿ. ಮುಲಾಮು ಗಟ್ಟಿಯಾಯಿತು, ಪುಡಿ ಹೋಗಲಿಲ್ಲ.

ದಾರಿ ತೋರಿಸಿದ್ದು ತುಪ್ಪ. ನಿಧಾನವಾಗಿ ಆರಿದ ತುಪ್ಪ ಮರಳುಮರಳಾಗುತ್ತದೆ, ಬೇಗ ತಣಿಸಿದರೆ ನುಣ್ಣಗಿರುತ್ತದೆ. ಕೊಬ್ಬಿಗೂ ಅದೇ ನಿಯಮ. ಬೂಟಿನ ಮೇಲಿದ್ದದ್ದು ಬೂಷ್ಟಲ್ಲ, ಚರ್ಮದಿಂದ ಹೊರಬಂದು ಚಳಿಗೆ ಹೆಪ್ಪುಗಟ್ಟಿದ ಗಟ್ಟಿ ಭಾಗ. ಅದು ಮುಲಾಮಿಗೆ ಏಕೆ ಬೇಕು? ಜಾಡಿಯನ್ನು ಬಿಸಿನೀರಿನಲ್ಲಿಟ್ಟು ಪೂರ್ತಿ ಕರಗಿಸಿ, ಟವೆಲ್ ಸುತ್ತಿ, ನೆಲಮಾಳಿಗೆಯಲ್ಲಿ ಅಲುಗಿಸದೆ ಬಿಟ್ಟೆ. ಆರುವುದು ತಡವಾದಷ್ಟೂ ಹರಳು ದಪ್ಪ, ಹರಳು ದಪ್ಪವಾದಷ್ಟೂ ಸೋಸುವುದು ಸುಲಭ. ಅವಸರಪಟ್ಟು ಫ್ರಿಜ್‌ಗೆ ತಳ್ಳಿದರೆ ಎಣ್ಣೆಯೂ ಸಣ್ಣ ಹರಳುಗಳ ನಡುವೆ ಸಿಕ್ಕಿಕೊಳ್ಳುತ್ತದೆ. ಹಳೆಯ ಪಂಚೆಯ ತುಂಡಿನಲ್ಲಿ ಕಟ್ಟಿ ತೂಗುಹಾಕಿದೆ. ಕೈ ಎಷ್ಟೇ ತುರಿಸಿದರೂ ಹಿಂಡಬಾರದು, ಹಿಂಡಿದರೆ ಹರಳೂ ಬಟ್ಟೆ ದಾಟುತ್ತದೆ. ಇಳಿದ ಎಣ್ಣೆಯನ್ನು ಇನ್ನೂ ತಣ್ಣಗಿರುವ ಮೂಲೆಯಲ್ಲಿಟ್ಟು ಮತ್ತೆ ಸೋಸಿದೆ. ನಾಲ್ಕು ಪಾಲು ಎಣ್ಣೆಗೆ ಒಂದು ಪಾಲು ಮೇಣ. ಈಗ ಮಾತ್ರ ಅವಸರವೇ ಸರಿ: ಪಾತ್ರೆಯನ್ನು ತಣ್ಣೀರಿನಲ್ಲಿಟ್ಟು, ಕಡೆಯುತ್ತಲೇ ತಣಿಸಿ ಡಬ್ಬಿಗೆ ಸುರಿದೆ. ಹಿಮದಲ್ಲಿ ಅಲೆದು ಬಂದರೂ ಬೂಟು ಕಪ್ಪಗೇ ಇದೆ.

ಮೇಣದ ಕಥೆ ಬೇರೆ. "ನೂರಕ್ಕೆ ನೂರು ಶುದ್ಧ" ಎಂದು ಮಾರಿದ ಮಹಾಶಯರ ಜೇನುಮೇಣ 62ರಿಂದ 64 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಬೇಕಿತ್ತು. 55 ದಾಟುವ ಮೊದಲೇ ನೀರಾಯಿತು. ಹಳದಿ ಬಣ್ಣ ಬಳಿದುಕೊಂಡ ಪ್ಯಾರಾಫಿನ್, ಅಂದರೆ ಮೇಣದಬತ್ತಿಯ ಮೇಣ! ದೂರು ಕೊಟ್ಟರೆ, ಜೇನುಹುಳುಗಳು ಋತುವಿಗೊಂದು ಬಗೆಯ ಮೇಣ ಮಾಡುತ್ತವೆ ಎಂಬ ಪಾಠ ಬಂತು. ಹುಳುಗಳ ಮೇಲೆಯೇ ಆರೋಪ ಹೊರಿಸುವ ಈ ಧೈರ್ಯ ನನಗೆಂದಿಗೂ ಬಾರದು. ಕಡೆಗೆ ಜೇನು ಸಾಕುವವರೊಬ್ಬರಿಂದಲೇ ತಂದೆ.

ಬಟ್ಟೆಯಲ್ಲಿ ಉಳಿದ ಬಿಳಿ ಕೊಬ್ಬಿನಲ್ಲಿ ಆಲೂಗಡ್ಡೆ ಹುರಿದು ನೋಡಿ, ಆಮೇಲೆ ಮಾತಾಡೋಣ. ಹಿಂದೆ ಕರಡಿ ಎಣ್ಣೆ ನ್ಯೂ ಆರ್ಲಿಯನ್ಸ್ ಪೇಟೆಯವರೆಗೆ ಹೋಗುತ್ತಿತ್ತು. ಅರ್ಕಾನ್ಸಾದ ಆಯಿಲ್ ಟ್ರಫ್ ಎಂಬ ಊರಿಗೆ ಹೆಸರು ಬಂದದ್ದು ಆ ಎಣ್ಣೆ ತುಂಬುತ್ತಿದ್ದ ಮರದ ತೊಟ್ಟಿಗಳಿಂದಲೇ. ನನ್ನ ಎಣ್ಣೆ ಅಷ್ಟು ದೂರ ಹೋಗಬೇಕಿಲ್ಲ. ಹೀಟರಿನ ಒಣಗಾಳಿಗೆ ಮನೆಯ ಮೃದಂಗದ ಬಾರು ಬಿರಿಯುತ್ತಿದೆ, ಮುಂದಿನ ಕಣ್ಣು ಅದರ ಮೇಲೆ. ಎಣ್ಣೆ ಕುಡಿದು ಬಾರು ಹಿಗ್ಗಿದರೆ ಶ್ರುತಿ ನಿಲ್ಲದು ಎಂಬ ಭಯವಿದೆ. ಮೊದಲು ಕತ್ತರಿಸಿ ಬಿಸಾಡಿದ ಹಳೆಯ ಬಾರಿನ ತುಂಡಿಗೆ ಹಚ್ಚಿ, ಭಾರ ಕಟ್ಟಿ, ಎಷ್ಟು ಜಗ್ಗುತ್ತದೆಂದು ಅಳೆಯಬೇಕು. ಈ ಪ್ರಯೋಗ ಮಾಡಿದವರಿದ್ದರೆ ಬೇಗ ತಿಳಿಸಿ. ಮೃದಂಗ ಹೆಂಡತಿಯದು, ಅವಳಿಗಿನ್ನೂ ವಿಷಯ ಗೊತ್ತಿಲ್ಲ.