ಪೊಪೆರಿಂಗೆಯಲ್ಲಿ ಗಾಡಿ ನಿಲ್ಲಿಸಿದ ಶುಕ್ರವಾರ

ಮನೆಯವರಿಗೆ ಮಂಡಿ ನೋವು ಶುರುವಾದ ಮೇಲೆ, ಯಾವ ಊರಿಗೆ ಹೋದರೂ ನಾನು ಮೊದಲು ಹುಡುಕುವುದು ಗಾಡಿ ನಿಲ್ಲಿಸುವ ಜಾಗ. ಅಲ್ಲಿಂದ ಹೋಟೆಲ್‌ಗೆ ಎಷ್ಟು ಹೆಜ್ಜೆ, ಮಧ್ಯೆ ಮೆಟ್ಟಿಲು ಇದೆಯಾ, ಇಳಿಜಾರು ಇದೆಯಾ. ಮೂರ್ನಾಡಿನಿಂದ ಮಡಿಕೇರಿಗೆ ಹೋಗುವಾಗಲೂ ಇದೇ ಲೆಕ್ಕ, ಹೋದ ಏಪ್ರಿಲ್‌ನಲ್ಲಿ ಮಗಳನ್ನು ನೋಡಲು ಬೆಲ್ಜಿಯಂಗೆ ಹೋದಾಗಲೂ ಇದೇ ಲೆಕ್ಕ.

ಮಗಳು ಇರುವುದು ಗೆಂಟ್‌ನಲ್ಲಿ. ಅಲ್ಲಿಂದ ಕಾರಿನಲ್ಲಿ ಒಂದು ಗಂಟೆ ಹೋದರೆ ಪೊಪೆರಿಂಗೆ ಅಂತ ಒಂದು ಊರು ಸಿಗುತ್ತದೆ. ಮಡಿಕೇರಿಗಿಂತ ಚಿಕ್ಕದು, ಫ್ರಾನ್ಸ್ ಗಡಿಗೆ ಹತ್ತಿರ. ಬಿಯರ್‌ಗೆ ಕಹಿ ಕೊಡುವ ಹಾಪ್ಸ್ ಬಳ್ಳಿಗೆ ಹೆಸರಾದ ಜಾಗ. "ದಿನಾ ಮೆಣಸಿನ ಬಳ್ಳಿ ಕಟ್ಟೋಳು ನೀನು, ಅದನ್ನ ನೋಡ್ಲೇಬೇಕಮ್ಮ" ಅಂತ ಮಗಳು ಕರೆದುಕೊಂಡು ಹೋದಳು.

ದಾರಿಯಲ್ಲಿ ನೋಡಿದರೆ ಹೊಲದ ತುಂಬ ಎತ್ತರದ ಕಂಬ, ಮೇಲೆ ತಂತಿ. ಬಳ್ಳಿ ಮಾತ್ರ ಇಲ್ಲ! ನಮ್ಮ ಕಾಳುಮೆಣಸು ಒಮ್ಮೆ ಸಿಲ್ವರ್ ಮರ ಹತ್ತಿದರೆ ವರ್ಷಗಟ್ಟಲೆ ಅಲ್ಲೇ ಇರುತ್ತದೆ. ಹಾಪ್ಸ್ ಹಾಗಲ್ಲ. ಸೆಪ್ಟೆಂಬರ್ ಹೊತ್ತಿಗೆ ಬಳ್ಳಿಯನ್ನೇ ಕತ್ತರಿಸಿ ಕೊಯ್ಲು ಮಾಡುತ್ತಾರೆ. ಬೇರು ಮಣ್ಣಿನಲ್ಲಿ ಉಳಿದು ಮುಂದಿನ ವರ್ಷ ಮತ್ತೆ ಚಿಗುರುತ್ತದೆ. ಚಿಗುರು ಜಾಸ್ತಿ ಬರುವುದರಿಂದ ಗಿಡಕ್ಕೆ ಕೆಲವನ್ನು ಬಿಟ್ಟು ಉಳಿದದ್ದನ್ನು ತೆಗೆದುಬಿಡುತ್ತಾರೆ. ಮಣ್ಣಿನೊಳಗೇ ಇರುವಾಗ ಕಿತ್ತ ಆ ಬೆಳ್ಳಗಿನ ಚಿಗುರೇ ಮಾರ್ಚ್, ಏಪ್ರಿಲ್‌ನಲ್ಲಿ ಅಲ್ಲಿನವರ ವಿಶೇಷ ಅಡುಗೆ. ಮಳೆಗಾಲ ಬಂದರೆ ಕೊಡಗಿನ ನಮಗೆ ಬೈಂಬಳೆ, ಅಂದರೆ ಬಿದಿರಿನ ಕಳಲೆ, ಹೇಗೋ ಹಾಗೆ. ಅದನ್ನು ತಿನ್ನಲೆಂದೇ ನಾವು ಹೊರಟಿದ್ದು.

ಊರಿನ ನಡುವೆ ದೊಡ್ಡ ಚೌಕ. ರೆಸ್ಟೋರೆಂಟ್ ಇದ್ದದ್ದು ಅದರ ಅಂಚಿನಲ್ಲೇ. ಆದರೆ ಅವತ್ತು ಶುಕ್ರವಾರ, ಪೊಪೆರಿಂಗೆಯ ಸಂತೆ ದಿನ. ಮಡಿಕೇರಿ ಸಂತೆಯೂ ಶುಕ್ರವಾರವೇ ಅಲ್ವಾ! ಚೌಕದ ತುಂಬ ತರಕಾರಿ, ಹೂವಿನ ಕುಂಡ, ಚೀಸ್ ಮಾರುವ ವ್ಯಾನುಗಳು. ಕಾರಿಗೆ ಒಳಗೆ ದಾರಿಯಿಲ್ಲ. ಮೂರು ಸುತ್ತು ಹಾಕಿದೆವು. ಒಂದು ಗಲ್ಲಿ ಏಕಮುಖ, ಇನ್ನೊಂದರಲ್ಲಿ ರಸ್ತೆ ಅಂಚಿಗೆ ಹಳದಿ ಬಣ್ಣ, ಅಂದರೆ ನಿಲ್ಲಿಸುವ ಹಾಗಿಲ್ಲ. ಹಿಂದಿನ ಸೀಟಿನಲ್ಲಿ ಮನೆಯವರು ಮಂಡಿ ಒತ್ತಿಕೊಳ್ಳುತ್ತಿದ್ದರು.

ಕೊನೆಗೆ ಒಂದು ಇಟ್ಟಿಗೆ ಗೋಡೆಯ ಪಕ್ಕ ಜಾಗ ಸಿಕ್ಕಿತು. ಚೌಕಕ್ಕೆ ನೂರಿನ್ನೂರು ಹೆಜ್ಜೆ, ಪೂರ್ತಿ ಸಮತಟ್ಟು. ಅಲ್ಲೊಂದು ನೀಲಿ ಫಲಕ. ಮಗಳು ನೀಲಿ ರಟ್ಟಿನ ತುಂಡೊಂದನ್ನು ತೆಗೆದು ನನ್ನ ಕೈಗೆ ಕೊಟ್ಟಳು. ಪಾರ್ಕಿಂಗ್ ಡಿಸ್ಕ್. ನಡುವೆ ಒಂದು ಕಿಟಕಿ, ಒಳಗೆ ತಿರುಗುವ ಚಕ್ರ, ಅದರ ಮೇಲೆ ಗಂಟೆ, ಅರ್ಧ ಗಂಟೆಯ ಗೆರೆಗಳು. ಬಂದ ಹೊತ್ತನ್ನು ತೋರಿಸಿ ಗಾಜಿನ ಹಿಂದೆ ಇಡಬೇಕು. ಸಾಮಾನ್ಯವಾಗಿ ವಾರದ ದಿನಗಳಲ್ಲಿ ಬೆಳಿಗ್ಗೆ 9ರಿಂದ ಸಂಜೆ 6ರವರೆಗೆ ಎರಡು ಗಂಟೆ ನಿಲ್ಲಿಸಬಹುದು, ದುಡ್ಡಿಲ್ಲ. ನನ್ನ ಗಡಿಯಾರದಲ್ಲಿ 12.10. ನಾನು ಚಕ್ರವನ್ನು 12ಕ್ಕೂ 12.30ಕ್ಕೂ ಮಧ್ಯೆ ನಿಲ್ಲಿಸಿದೆ. "ಅಲ್ಲಮ್ಮ, ಬಂದ ಹೊತ್ತಿನ ಮುಂದಿನ ಗೆರೆಗೆ ಇಡಬೇಕು, 12.30ಕ್ಕೆ" ಅಂದಳು. "ಅದು ಸುಳ್ಳಾಗಲ್ವಾ?" ಅಂದೆ. ನಿಯಮವೇ ಹಾಗಂತೆ. ಇಪ್ಪತ್ತು ನಿಮಿಷ ಊರಿನ ಕಡೆಯಿಂದ ಉಡುಗೊರೆ. ನನಗೆ ಇದು ತುಂಬ ಹಿಡಿಸಿತು.

ಊಟಕ್ಕೆ ಕೂತು, ಹೇಳಿಯೂ ಆಗಿತ್ತು. ಕೋಟಿನ ಜೇಬಿಗೆ ಕೈ ಹಾಕಿದರೆ ಡಿಸ್ಕ್ ನನ್ನ ಹತ್ತಿರವೇ ಇದೆ! ಮನೆಯವರನ್ನು ಇಳಿಸುವ ಗಡಿಬಿಡಿಯಲ್ಲಿ ಇಡುವುದನ್ನೇ ಮರೆತಿದ್ದೆ. ಓಡಿದೆ. ಕಾರಿನ ಗಾಜಿನ ಮೇಲೆ ಚೀಟಿ ಏನೂ ಇರಲಿಲ್ಲ. ಆಗ ಗಂಟೆ 12.35. ಈಗ ಬಂದೆ ಅಂತ 1ಕ್ಕೆ ತಿರುಗಿಸಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ, ಅರ್ಧ ಗಂಟೆ ಜಾಸ್ತಿ ಸಿಗುತ್ತಿತ್ತು. ಕೈ ಬರಲಿಲ್ಲ. 12.30ಕ್ಕೇ ಇಟ್ಟು ಬಂದೆ.

ಚಿಗುರು ಹೆಸರುಕಾಳಿನ ಮೊಳಕೆಗಿಂತ ಸ್ವಲ್ಪ ಉದ್ದ, ಬೆಣ್ಣೆಯ ಸಾಸ್ ಜೊತೆ, ಮೇಲೊಂದು ಬೇಯಿಸಿದ ಮೊಟ್ಟೆ. ಹಸಿ ಕಡಲೆಬೀಜದ ಥರ ರುಚಿ. ಮನೆಯವರು ನಿಧಾನವಾಗಿ, ಖುಷಿಯಾಗಿ ತಿಂದರು. 2.20ಕ್ಕೆ ಎದ್ದೆವು. ನಾವು ಹೊರಡುವುದನ್ನೇ ಕಾಯುತ್ತಾ ಇನ್ನೊಂದು ಕಾರು ನಿಂತಿತ್ತು. ಒಳಗೆ ವಯಸ್ಸಾದ ಒಬ್ಬರು, ಕೈಯಲ್ಲಿ ಅದೇ ನೀಲಿ ಡಿಸ್ಕ್.

ಬರುವಾಗ ಮಗಳು ಒಂದು ಡಿಸ್ಕ್ ಕೊಟ್ಟು ಕಳಿಸಿದಳು. ಮಡಿಕೇರಿಯಲ್ಲಿ ನಾವು ಯಾವಾಗಲೂ ಹೋಗುವ ಹೋಟೆಲ್‌ನ ಯಜಮಾನರಿಗೆ ತೋರಿಸಿದೆ. ಶುಕ್ರವಾರ ಅವರ ಬೀದಿಯಲ್ಲಿ ಬೆಳಿಗ್ಗೆ ನಿಂತ ಗಾಡಿ ಸಂಜೆವರೆಗೂ ಅಲ್ಲಾಡುವುದಿಲ್ಲ. ಸಂತೆಗೆ ಬಂದವರು, ಆಸ್ಪತ್ರೆಗೆ ಬಂದವರು ಸುತ್ತುತ್ತಲೇ ಇರುತ್ತಾರೆ. ರಾಜಾಸೀಟ್‌ಗೆ ಬರುವ ಪ್ರವಾಸಿಗಳ ಗಾಡಿ ಅಂತ ನಾವು ಬೈಯುತ್ತೇವೆ, ಆದರೆ ಅರ್ಧ ಗಾಡಿಗಳು ನಮ್ಮ ಊರಿನವರದ್ದೇ. ಹೋಟೆಲ್, ಕ್ಲಿನಿಕ್ ಮುಂದಾದರೂ ಎರಡು ಗಂಟೆ ಅಂತ ಮಾಡಬಹುದು. ಯಂತ್ರ ಬೇಡ, ಆ್ಯಪ್ ಬೇಡ, ಒಂದು ರಟ್ಟಿನ ತುಂಡು ಸಾಕು. ಸಮಯ ನೋಡುವವರು ಒಬ್ಬರಿರಬೇಕು, ಅಷ್ಟೇ.

ಅವರು ಚಕ್ರವನ್ನು ಎರಡು ಸಲ ತಿರುಗಿಸಿ ನೋಡಿದರು. "ಆಗುತ್ತೆ ಅಕ್ಕ. ಆದ್ರೆ ಮೊದಲು ಬಾಗಿಲ ಮುಂದಿರೋ ನಮ್ಮ ವ್ಯಾನ್ ನಾವೇ ತೆಗೀಬೇಕಲ್ವಾ" ಅಂದರು.

ಹೋದ ಶುಕ್ರವಾರ ಹೋದಾಗ ಅವರ ವ್ಯಾನ್ ಅಲ್ಲಿರಲಿಲ್ಲ. ಆ ಜಾಗದಲ್ಲಿ ಬೇರೆ ಯಾರದ್ದೋ ಕಾರು ನಿಂತಿತ್ತು. ಮನೆಯವರನ್ನು ಬಾಗಿಲಲ್ಲಿ ಇಳಿಸಿ, ಮೇಲಿನ ರಸ್ತೆಗೆ ಹೋಗಿ, ಗೇರ್‌ನಲ್ಲಿ ಬಿಟ್ಟು, ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟು ನಡೆದು ಬಂದೆ. ಮನೆಯವರು ಇನ್ನೂ ಊಟ ಶುರು ಮಾಡಿರಲಿಲ್ಲ. ನನ್ನ ಅಕ್ಕಿ ರೊಟ್ಟಿ ಆರದಿರಲಿ ಅಂತ ಮೇಲೊಂದು ತಟ್ಟೆ ಮುಚ್ಚಿಟ್ಟುಕೊಂಡು ಕೂತಿದ್ದರು.