ಎಲ್ಲರಿಗೂ ಹಂಗೇ

ಕಳೆದ ವಾರ ಮಗಳು ಕಾಲೇಜಿಗೆ ಹೊರಡುವ ಗಡಿಬಿಡಿಯಲ್ಲಿ ತನ್ನ ಜನನ ಪ್ರಮಾಣಪತ್ರ ಹುಡುಕುತ್ತ ನಮ್ಮ ಹಳೇ ಕಾಗದಗಳ ಸ್ಟೀಲ್ ಡಬ್ಬಿಯನ್ನು ಚಾಪೆ ಮೇಲೆ ಬೋರಲು ಹಾಕಿದಳು. ಅದರಲ್ಲೊಂದು ದಪ್ಪ ಪೋಸ್ಟ್‌ಕಾರ್ಡ್ ಇತ್ತು. ಅಂಚಿನ ಖಾಲಿ ಜಾಗದಲ್ಲಿ ನನ್ನ ಹೆಂಡತಿಯ ಅಕ್ಷರ: ಕಡ್ಲೆಬೇಳೆ, ಹುಣಸೆಹಣ್ಣು, ಡೈಪರ್, ತೆಂಗಿನಕಾಯಿ 2. ಉಳಿದ ಕಡೆಯೆಲ್ಲ ಇರುವೆ ಸಾಲಿನಂತೆ ಇಂಗ್ಲಿಷ್. ಕೆಳಗೆ ಸಹಿಗೆಂದು ಬಿಟ್ಟ ಗೆರೆ. ಅದರ ಮೇಲೆ ಏನೂ ಇರಲಿಲ್ಲ.

‘ಅಪ್ಪಾ, ಇದು ಕ್ಲಾಸ್ ಆಕ್ಷನ್ ಕಾರ್ಡ್ ಅಲ್ವಾ? ಸೈನ್ ಮಾಡಿ ಕಳ್ಸಿದ್ರೆ ದುಡ್ಡು ಬರ್ತಿತ್ತು. ಯಾಕೆ ಮಾಡ್ಲಿಲ್ಲ?’ ಕ್ಲಾಸ್ ಆಕ್ಷನ್ ಎಂದರೆ ಒಂದೇ ಬಗೆಯ ಅನ್ಯಾಯವಾದವರೆಲ್ಲರ ಪರವಾಗಿ ಹೂಡುವ ಒಂದೇ ದಾವೆ. ಇದು ಫೋನ್ ಕಂಪನಿಯ ಮೇಲಿನದು, ಪಾಲು ಬೇಕಾದವರು ಸಹಿ ಮಾಡಿ ಕಳಿಸಬೇಕಿತ್ತು.

‘ಹೋಗ್ಲಿ ಬಿಡು ಅಂತ ಸುಮ್ಮನಾದೆ. ಎಲ್ಲರಿಗೂ ಹಂಗೇ ಆಗಿತ್ತು.’

ಅವಳು ಕಾರ್ಡಿನಿಂದ ತಲೆ ಎತ್ತಿ ನನ್ನ ಮುಖ ನೋಡಿದಳು. ‘ಎಲ್ಲರಿಗೂ ಆಗಿತ್ತು ಅಂತಾನೇ ಅಲ್ವಾ ಕೇಸ್ ಹಾಕಿದ್ದು?’

ನನಗೆ ಉತ್ತರ ಹೊಳೆಯಲಿಲ್ಲ. ಅವತ್ತಿನಿಂದ ಈ ಮಾತು ರೈಲಿನಲ್ಲೂ ನನ್ನ ಜೊತೆ ಬರುತ್ತಿದೆ.

2006ರ ನವೆಂಬರಿನಲ್ಲಿ ನಾವು ಅಮೆರಿಕದ ನ್ಯೂಜೆರ್ಸಿಯ ಎಡಿಸನ್ನಿಗೆ ಬಂದ ಹೊಸತು. ಎರಡು ಫೋನು ಬೇಕಿತ್ತು, ಎರಡು ವರ್ಷದ ಕಾಂಟ್ರ್ಯಾಕ್ಟಿಗೆ ಸಹಿ ಹಾಕಿದೆವು. ಕಂಪನಿಯ ಹೆಸರು ಬೇಡ, ಆಗ ಹೆಚ್ಚಿನ ಕಂಪನಿಗಳ ಕಥೆಯೂ ಒಂದೇ. 2008ರ ಮೇ ತಿಂಗಳಲ್ಲಿ ಅಪ್ಪನಿಗೆ ಹೃದಯಾಘಾತವಾಯಿತು. ಮಗುವನ್ನು ಎತ್ತಿಕೊಂಡು ತೀರ್ಥಹಳ್ಳಿಗೆ ಹೊರಟೆವು, ವಾಪಸ್ ಯಾವಾಗ ಎಂಬುದು ಗೊತ್ತಿರಲಿಲ್ಲ. ಕಾಂಟ್ರ್ಯಾಕ್ಟಿನಲ್ಲಿ ಇನ್ನು ಆರೇ ತಿಂಗಳು ಉಳಿದಿತ್ತು. ಆದರೂ ಅವಧಿಗೆ ಮುಂಚೆ ಬಿಟ್ಟದ್ದಕ್ಕೆ ಶುಲ್ಕವೆಂದು ಲೈನಿಗೆ 175 ಡಾಲರಿನಂತೆ ಎರಡಕ್ಕೆ 350 ಕಟ್ಟಿಸಿಕೊಂಡರು, ಆಗಿನ ಲೆಕ್ಕದಲ್ಲಿ ಹತ್ತಿರ ಹತ್ತಿರ ಹದಿನೈದು ಸಾವಿರ ರೂಪಾಯಿ. ಮೊದಲ ತಿಂಗಳು ಬಿಟ್ಟವನಿಗೂ 175, ಇಪ್ಪತ್ತಮೂರನೇ ತಿಂಗಳು ಬಿಟ್ಟವನಿಗೂ 175. ಅಪ್ಪ ಐಸಿಯುನಲ್ಲಿದ್ದರು. ಜಗಳಕ್ಕೆ ನಿಲ್ಲುವ ಹೊತ್ತು ಅದಾಗಿರಲಿಲ್ಲ.

ಜಗಳಕ್ಕೆ ಬೇರೆ ಯಾರೋ ನಿಂತಿದ್ದರು. ಕಡಿಮೆ ಬೆಲೆಗೆ ಹ್ಯಾಂಡ್‌ಸೆಟ್ ಕೊಟ್ಟಿದ್ದೇವೆ, ಅದನ್ನು ವಸೂಲಿ ಮಾಡುತ್ತಿದ್ದೇವೆ ಎಂದು ಕಂಪನಿಗಳು ವಾದಿಸಿದವು. ಹಾಗಿದ್ದರೆ ತಿಂಗಳು ಕಳೆದಂತೆ ಶುಲ್ಕ ಇಳಿಯಬೇಕಲ್ಲ, ಆದ ನಷ್ಟ ಕೇಳಿ, ದಂಡ ಹಾಕುವ ಹಕ್ಕು ನಿಮಗೆ ಯಾರು ಕೊಟ್ಟರು ಎಂದು ಗ್ರಾಹಕರು ಕೇಳಿದರು. ನಾವು ಊರಿನಲ್ಲಿ ಆಸ್ಪತ್ರೆ ಸುತ್ತುತ್ತಿದ್ದ ಆ 2008ರ ಜುಲೈಯಲ್ಲೇ ಕ್ಯಾಲಿಫೋರ್ನಿಯಾದಲ್ಲಿ ವೆರೈಝನ್ 2.1 ಕೋಟಿ ಡಾಲರಿಗೆ ರಾಜಿಯಾಯಿತು. ಸ್ಪ್ರಿಂಟ್ ಗ್ರಾಹಕರಿಗೆ 1.82 ಕೋಟಿ ಹಿಂದಿರುಗಿಸಬೇಕೆಂದು ಅಲಮೀಡಾ ಕೌಂಟಿಯ ನ್ಯಾಯಾಧೀಶೆ ಹೇಳಿದರು. ಮುಂದೆ ನ್ಯೂಜೆರ್ಸಿಯ ಫೆಡರಲ್ ಕೋರ್ಟಿನಲ್ಲಿ ಇಡೀ ದೇಶದ ಗ್ರಾಹಕರ ಪರವಾಗಿ ಟಿ-ಮೊಬೈಲ್ 1.35 ಕೋಟಿ, ಸ್ಪ್ರಿಂಟ್ 1.75 ಕೋಟಿ, ಎಟಿ ಅಂಡ್ ಟಿ 1.8 ಕೋಟಿಯ ರಾಜಿಗಳಾದವು. ಆ ಕೋರ್ಟು ಇರುವ ನ್ಯೂವಾರ್ಕಿನಲ್ಲೇ ನನ್ನ ರೈಲು ದಿನಾ ಎರಡು ಸಲ ನಿಲ್ಲುತ್ತದೆ. ಎಷ್ಟೋ ಜನರ ಕೈಗೆ ಬಂದದ್ದು ಕಟ್ಟಿದ್ದರಲ್ಲಿ ಒಂದು ಪಾಲು ಮಾತ್ರ, ವಕೀಲರ ಫೀಸೂ ಅದರಲ್ಲೇ. ಆದರೆ ಅಷ್ಟರಲ್ಲಿ ಕಂಪನಿಗಳು ಒಂದೊಂದಾಗಿ, ತಿಂಗಳು ಕಳೆದಂತೆ ಶುಲ್ಕ ಇಳಿಸುವ ಪದ್ಧತಿಗೆ ಬಂದಿದ್ದವು. ನನಗೆ ಈ ಮಾತು ದುಡ್ಡಿಗಿಂತ ದೊಡ್ಡದಾಗಿ ಕಾಣುತ್ತದೆ.

ಮಗಳಿಗೆ ಇದನ್ನೆಲ್ಲ ಹೇಳುವಾಗ ಆಮೇಲಿನ ಕಥೆಯನ್ನೂ ಹೇಳಿದೆ. ‘ಉಚಿತ’ ಎಂದು ಕೊಟ್ಟ ಫೋನಿಗೆ 30 ಡಾಲರ್ 22 ಸೆಂಟ್ ಮಾರಾಟ ತೆರಿಗೆ ಹಾಕಿದರೆಂದು ಕ್ಯಾಲಿಫೋರ್ನಿಯಾದ ದಂಪತಿ ಎಟಿ ಅಂಡ್ ಟಿ ಮೇಲೆ ಹೂಡಿದ ದಾವೆ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 2011ರ ಏಪ್ರಿಲಿನಲ್ಲಿ 5–4ರ ತೀರ್ಪು ಬಂತು: ಕೋರ್ಟು ಬಿಟ್ಟು ಒಬ್ಬೊಬ್ಬರೇ ಮಧ್ಯಸ್ಥಿಕೆಗೆ ಹೋಗಬೇಕು, ಗುಂಪಾಗಿ ಬರುವಂತಿಲ್ಲ ಎಂದು ಕಾಂಟ್ರ್ಯಾಕ್ಟಿನಲ್ಲಿ ಬರೆದಿದ್ದರೆ ಆ ಷರತ್ತೇ ಸಿಂಧು. ಮೂವತ್ತು ಡಾಲರಿಗೆ ಯಾರು ಒಬ್ಬರೇ ಹೋಗುತ್ತಾರೆ? ‘ಅಂದ್ರೆ ಈಗ ಇಲ್ಲೂ ಹೋಗ್ಲಿ ಬಿಡು ಅನ್ಬೇಕಾ?’ ಎಂದಳು. ಈ ದೇಶದ ಬಗ್ಗೆ ನನಗಿರುವ ಬೇಸರಗಳಲ್ಲಿ ಇದು ಮೇಲಿನದು.

ನಮ್ಮಲ್ಲೂ ಕಾನೂನು ಇದೆ. ಒಂದೇ ಬಗೆಯ ಅನ್ಯಾಯವಾದವರೆಲ್ಲರ ಪರವಾಗಿ ಒಬ್ಬರೇ ದೂರು ಕೊಡಬಹುದೆಂದು 1986ರ ಗ್ರಾಹಕ ಸಂರಕ್ಷಣಾ ಕಾಯ್ದೆಯೇ ಹೇಳಿತ್ತು, 2019ರ ಹೊಸ ಕಾಯ್ದೆಯಲ್ಲೂ ಅದು ಉಳಿದಿದೆ. ಊರಿನಲ್ಲಿ ಹಾಗೆ ದೂರು ಕೊಟ್ಟ ಒಬ್ಬರನ್ನೂ ನಾನು ಕಂಡಿಲ್ಲ.

ನಮ್ಮ ಮನೆಯ ವಿಷಯವನ್ನೇ ಹೇಳುತ್ತೇನೆ. ದೀಪಾವಳಿ ಕಳೆದು ಅಡಿಕೆ ಸುಲಿದು ಬೇಯಿಸಿ ಒಣಗಿಸಿ ಮಂಡಿಗೆ ಹಾಕುವಾಗ ನಾನೂ ಅಪ್ಪನ ಜೊತೆ ಹೋಗುತ್ತಿದ್ದೆ. ಗೋಣಿಚೀಲದ ತೂಕ ಅಂತ ವ್ಯಾಪಾರಿ ಮೂಟೆಗೆ ಎರಡು ಕೆಜಿ ಕಳೆಯುತ್ತಿದ್ದ. ಖಾಲಿ ಚೀಲ ಒಂದು ಕೆಜಿ ತೂಗುವುದು ಅಂಗಳದಲ್ಲಿ ಕೂತವರಿಗೆಲ್ಲ ಗೊತ್ತಿತ್ತು. ನಾನು ಎಂಟನೇ ಕ್ಲಾಸಿನಲ್ಲಿದ್ದಾಗ ಒಮ್ಮೆ ಅಲ್ಲೇ ಗಟ್ಟಿಯಾಗಿ ಕೇಳಿಬಿಟ್ಟೆ. ಅಪ್ಪ ನನ್ನ ತೋಳು ಹಿಡಿದು ಹೊರಗೆ ಕರೆದುಕೊಂಡು ಬಂದರು. ‘ಸುಮ್ನಿರು. ಎಲ್ಲರಿಗೂ ಹಂಗೇ.’ ಅವರ ಬೆರಳಿಗೆ ಚೊಗರಿನ ಕೆಂಪು ಅಂಟಿತ್ತು. ನನ್ನ ಅಂಗಿಯ ತೋಳಿನ ಮೇಲೂ ಅದು ಉಳಿಯಿತು.

ಅಪ್ಪ ಆ ಮಾತನ್ನು ನನಗೆ ಸಮಾಧಾನಕ್ಕೆ ಹೇಳಿದ್ದು. ನಾನೂ ನನಗೆ ಹಾಗೇ ಹೇಳಿಕೊಂಡು, ಕಾರ್ಡನ್ನು ದಿನಸಿ ಚೀಟಿಗೆ ಕೊಟ್ಟೆ. ಇಲ್ಲಿ ಹುಟ್ಟಿ ಬೆಳೆದ ನನ್ನ ಮಗಳಿಗೆ ಅದೇ ಮಾತು ಕೋರ್ಟಿಗೆ ಹೋಗಲು ಕಾರಣವಾಗಿ ಕೇಳಿಸುತ್ತದೆ.

‘ಒಟ್ಟು ಎಷ್ಟು ಮೂಟೆ ಅಪ್ಪಾ?’ ಎಂದಳು ಮಂಡಿಯ ಕಥೆ ಕೇಳಿ. ಗೊತ್ತಿರಲಿಲ್ಲ. ಊರಲ್ಲಿ ಬೆಳಗಾಗಿತ್ತು, ಅಮ್ಮನಿಗೆ ಫೋನ್ ಮಾಡಿದೆ. ಅಮ್ಮನ ಫೋನಿಗೆ ಯಾವ ಕಾಂಟ್ರ್ಯಾಕ್ಟೂ ಇಲ್ಲ. ಬೇಕಾದಾಗ ರೀಚಾರ್ಜ್, ಬೇಡವೆಂದರೆ ನಂಬರು ಬದಲಾಯಿಸದೆ ಬೇರೆ ಕಂಪನಿ. 2011ರ ಜನವರಿಯಿಂದ ದೇಶಕ್ಕೆಲ್ಲ ಆ ಸೌಲಭ್ಯವಿದೆ. ಕಾಂಟ್ರ್ಯಾಕ್ಟಿನ ವಿಷಯದಲ್ಲಿ ನಮ್ಮೂರು ಅಮೆರಿಕಕ್ಕಿಂತ ಮುಂದೆ ಎಂದು ನಾನು ಇಲ್ಲಿ ಎಲ್ಲರಿಗೂ ಹೇಳುತ್ತೇನೆ.

‘ಅಡಿಕೆ ಲೆಕ್ಕನಾ? ನಿಮ್ಮಪ್ಪನ ಪುಸ್ತಕ ಇದೆಯಲ್ಲ. ತಡಿ’ ಎಂದರು. ಟ್ರಂಕಿನ ಚಿಲಕ ತೆಗೆದ ಸದ್ದು, ಹಾಳೆ ಮಗುಚುವ ಸದ್ದು. ಆಮೇಲೆ ಅಮ್ಮ ಕನ್ನಡಕ ಹಾಕಿಕೊಂಡು ನಿಧಾನವಾಗಿ ಓದತೊಡಗಿದರು. ‘1991. ಹನ್ನೊಂದು ಮೂಟೆ. ಚೀಲಕ್ಕೆ ಹೆಚ್ಚು ಕಳೆದದ್ದು ಹನ್ನೊಂದು ಕೆಜಿ. 1992. ಹದಿನಾಲ್ಕು ಮೂಟೆ. ಹೆಚ್ಚು ಕಳೆದದ್ದು ಹದಿನಾಲ್ಕು ಕೆಜಿ. ಪ್ರತಿ ವರ್ಷದ್ದೂ ಬರೆದಿದಾರೆ ಕಣೋ, ಪೆನ್ಸಿಲಲ್ಲಿ. ಕೆಳಗೆ ಬೇರೆಯವರ ಹೆಸರೂ ಇದೆ, ಅವರವರ ಮೂಟೆಯೂ ಇದೆ.’

ಮಗಳು ಪೆನ್ನು ತೆಗೆದು, ಕಾರ್ಡಿನ ಮೇಲೆ ‘ತೆಂಗಿನಕಾಯಿ 2’ರ ಕೆಳಗೆ ಒಂದೊಂದೇ ಬರೆದುಕೊಳ್ಳತೊಡಗಿದಳು.